ರುದ್ರಾಣಿಯ ಹಕಾರ

ಗಿರಾಕಿ ಅಂಗಡಿ ಮೆಟ್ಟಿಲು ಹತ್ತುವಷ್ಟರಲ್ಲಿ ಇವರಿಂದ ಲಾಭವೋ ತಲೆನೋವೋ ಎಂದು ವ್ಯಾಪಾರಿ ಲೆಕ್ಕ ಹಾಕಿರುತ್ತಾನೆ. ರುದ್ರಾಣಿಯ ವಿಷಯದಲ್ಲಿ ಎರಡೂ ಸರಿಯಾಗಿತ್ತು. ನಂಜನಗೂಡಿನಲ್ಲಿ ಪೂಜಾಸಾಮಾನು ಮಾರುವ ನನ್ನ ಗ್ರಂಧಿಗೆ ಅಂಗಡಿಗೆ ಅವಳು ಬರುತ್ತಿದ್ದದ್ದು ಕವಡೆಗೆ. ವಯಸ್ಸು ನಲವತ್ತೈದರ ಆಚೆಗೆ. ಕಾಟನ್ ಸೀರೆಗೆ ಇಸ್ತ್ರಿ ಇದೆ, ಚಪ್ಪಲಿಗೆ ಹೊಲಿಗೆ ಬಿದ್ದಿದೆ. ಅಂದರೆ ಮರ್ಯಾದೆಗೆ ಖರ್ಚು ಮಾಡುತ್ತಾಳೆ, ಸುಖಕ್ಕೆ ಮಾಡುವುದಿಲ್ಲ. ಉಗುರಿನ ಸಂದಿಯಲ್ಲಿ ಪ್ರೆಸ್ಸಿನ ಮಸಿ. ಚೌಕಾಸಿ ಮಾಡುವವಳಲ್ಲ, ಅದೇ ಮೊದಲ ಅನುಮಾನ. ಎರಡನೆಯದು, ಕವಡೆಯನ್ನು ಒಂದೊಂದಾಗಿ ಚೀಲದಿಂದ ತೆಗೆದು ಗಲ್ಲಾದ ಪಕ್ಕದ ಗಾಜಿನ ಮೇಲೆ ಎಸೆದು ನೋಡುವಳು. ಯಾವಾಗಲೂ ಬೋರಲೇ ಬೀಳುವ ಕವಡೆ ಬದಿಗೆ. ಯಾವಾಗಲೂ ಅಂಗಾತವೇ ಬೀಳುವುದೂ ಬದಿಗೆ.

"ತಾಯಿ, ಲಕ್ಷ್ಮೀಪೂಜೆಗೆ ಇಡೋರು ಇಷ್ಟು ನೋಡಲ್ಲ" ಎಂದರೆ, "ಲಕ್ಷ್ಮಿ ಚೌಕಾಬಾರ ಆಡಲ್ಲ ಸ್ವಾಮಿ. ಆಡೋರಿಗೆ ಮೋಸ ಆಗಬಾರದು" ಎನ್ನುವಳು.

ತಪ್ಪು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳ ಬಂಡವಾಳವೇ ಅದು. ಮುಂದೆ ಅವಳನ್ನು ಮುಳುಗಿಸಿದ್ದೂ ಅದೇ.

ಅವಳ ತಂದೆ ಗುರುಮಲ್ಲಪ್ಪನವರದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಕರಡು ತಿದ್ದುವ ಕೆಲಸ ಹೈಸ್ಕೂಲಿನಲ್ಲಿ ಇರುವಾಗಲೇ ರುದ್ರಾಣಿಯ ಪಾಲಿಗೆ ಬಂತು. ಆ ಪ್ರೆಸ್ಸಿನಿಂದ ತಪ್ಪಿರುವ ಪತ್ರಿಕೆ ಹೊರಗೆ ಹೋಗಿಲ್ಲ ಎಂಬುದು ಊರಿನ ಮಾತು. ಹಳ್ಳಿಯಿಂದ ಬಂದವರು ಹೆಸರು ಹೇಳುವರು, ಇವಳು ತಿದ್ದಿ ಬರೆದುಕೊಳ್ಳುವಳು.

"ನನ್ ಎಸ್ರು ಅನುಮಯ್ಯ ಕಣವ್ವ."

"ಹನುಮಯ್ಯ ತಾನೆ ಯಜಮಾನ್ರೆ?"

"ಊಂ, ಅದೇಯ. ಅನುಮಯ್ಯ."

ಪತ್ರಿಕೆಯಲ್ಲಿ ತನ್ನ ಹೆಸರು ಹಕಾರ ಹೊತ್ತು ಮೆರೆಯುವುದನ್ನು ಕಂಡ ಹನುಮಯ್ಯ ಸಂತೋಷದಿಂದಲೇ ಹೋಗುತ್ತಿದ್ದ. ಸುತ್ತಲ ಹಳ್ಳಿಗಳು ನಾಲಿಗೆಯ ಮೇಲೆ ಬಿಟ್ಟ ಹಕಾರವನ್ನೆಲ್ಲ ರುದ್ರಾಣಿ ಕಾಗದದ ಮೇಲೆ ಹೆಕ್ಕಿ ಕೂರಿಸುತ್ತಿದ್ದಳು. ಮದುವೆಯಾಗಿ ಹೋದವಳು ಬೇಗನೆ ಒಂಟಿಯಾಗಿ ವಾಪಸು ಬಂದಳು. ತಂದೆ ತೀರಿಕೊಂಡ ಮೇಲೆ ಪ್ರೆಸ್ಸು ಅವಳದೂ ತಮ್ಮ ನಂಜುಂಡೇಶನದೂ ಆಯಿತು. ಕೆಲಸ ಅವಳದು, ಅಭಿಪ್ರಾಯ ಅವನದು.

ಲಗ್ನಪತ್ರಿಕೆ ಫೋನಿನಲ್ಲೇ ಊರೂರು ತಿರುಗತೊಡಗಿದಾಗ ಮೆಷಿನ್ನಿಗೆ ಬೇರೆ ಅನ್ನ ಹುಡುಕಬೇಕಾಯಿತು. ಮದುವೆಮನೆಯವರೊಬ್ಬರು ತಾಂಬೂಲದ ಜೊತೆ ಕೊಡಲು ಏನಾದರೂ ಬೇಕೆಂದಾಗ ಅವಳು ದಪ್ಪ ರಟ್ಟಿನ ಮೇಲೆ ಚೌಕಾಬಾರದ ಮನೆಗಳನ್ನು ಅಚ್ಚು ಹಾಕಿ, ಮರದ ಕಾಯಿ, ಕವಡೆಗಳನ್ನು ಸಣ್ಣ ಚೀಲದಲ್ಲಿ ಕಟ್ಟಿಕೊಟ್ಟಳು. ಜನ ಇಷ್ಟಪಟ್ಟರು. ಆಮೇಲೆ ಹುಲಿ-ಕುರಿ ಆಟ, ಮಡಚಿಡುವ ಅಳಗುಳಿಮಣೆ. ಡಬ್ಬದ ಮೇಲೆ "ಕಪಿಲಾ ಆಟಗಳು" ಎಂದು ಹೆಸರು ಹಾಕಿದಳು. ಶಾಲೆಗಳು, ಹೋಂಸ್ಟೇಗಳು, ಮೈಸೂರಿನ ಒಂದೆರಡು ಅಂಗಡಿಗಳು ಕೊಳ್ಳತೊಡಗಿದವು.

"ಅಕ್ಕಾ, ಮಕ್ಕಳ ಕೈಲಿ ಫೋನ್ ಇದೆ, ದೊಡ್ಡೋರಿಗೆ ಟೈಮಿಲ್ಲ. ನಿನ್ನ ಆಟ ಆಡೋರು ಯಾರು?" ಎಂದು ನಂಜುಂಡೇಶ ರೇಗಿಸುವನು.

"ಆಡೋರು ಬೇರೆ, ಕೊಳ್ಳೋರು ಬೇರೆ ಕಣೋ. ನಂಗೆ ಕೊಳ್ಳೋರು ಸಾಕು."

ವ್ಯಾಪಾರಿಯ ಕಿವಿಗೆ ಇದು ಬಲು ಚೆಂದದ ಮಾತು.

ಡಬ್ಬಗಳು ತಾಂಡ್ಯದ ಒಂದು ಸಣ್ಣ ರಟ್ಟಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಅಲ್ಲಿ ಡಬ್ಬ ಮಡಚಿ ಅಂಟು ಹಾಕುವ ಕೆಲಸಕ್ಕೆ ಕೋಮಲ ಎಂಬ ಹುಡುಗಿ ತಿ. ನರಸೀಪುರದ ಕಡೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಒಂದು ದಿನ ಸರಕು ನೋಡಲು ರುದ್ರಾಣಿ ಹೋದಾಗ ಕೋಮಲ ಚೌಕಾಬಾರದ ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಚಿಕ್ಕ್ ಮನೆ ಮೇಡಂ, ಮಕ್ಕಳಾಟ. ನಮ್ಮಜ್ಜಿ ಆಡಾದು ದೊಡ್ಡ್ ಮನೆ. ಅದ್ರಲ್ಲಿ ಗಟ್ಟಿ ಕಟ್ಟಿ ಗಟ್ಟಿ ಎದ್ರುಗೇ ನಿಲ್ಲುಸ್ತಾರೆ" ಎಂದಳು.

ಹಾಗೊಂದು ಆಟವನ್ನು ರುದ್ರಾಣಿ ಕೇಳಿಯೇ ಇರಲಿಲ್ಲ. ಬೇರೆ ಯಾರೂ ಅಚ್ಚು ಹಾಕಿಲ್ಲವೆಂಬುದು ಮಾತ್ರ ತಕ್ಷಣ ಹೊಳೆಯಿತು. ಮುಂದಿನ ಭಾನುವಾರವೇ ಹೊರಟಳು.

ಸೋಮನಾಥಪುರದ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಕೋಮಲನ ಹಳ್ಳಿ. ಮನೆಯ ನಡುಗೋಡೆಯ ಮೇಲೆ ಬಾಬಾಸಾಹೇಬರ ಪಟ, ಬುದ್ಧನ ಪಟ. ಹೊರಗಿನ ಜಗಲಿಯ ಕಲ್ಲಿನ ಮೇಲೆ ಅಡ್ಡಕ್ಕೆ ಏಳು, ಉದ್ದಕ್ಕೆ ಏಳು ಮನೆಗಳ ಚೌಕ ಕೆತ್ತಿತ್ತು. ಗೆರೆಗಳು ಕೈಯಾಡಿ ಕೈಯಾಡಿ ನುಣುಪಾಗಿದ್ದವು. ಅದರ ಮುಂದೆ ಎಲೆಅಡಿಕೆ ಕುಟ್ಟಿಕೊಂಡು ಕೂತಿದ್ದವಳೇ ಕೋಮಲನ ಅಜ್ಜಿ ದೇವೀರಮ್ಮ. ಮೈಯಲ್ಲಿ ಮಾಂಸವಿಲ್ಲ, ಬಾಯಲ್ಲಿ ಹಲ್ಲಿಲ್ಲ, ಆದರೆ ಸೋತು ಎದ್ದವಳೆಂದು ಆ ಬೀದಿಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಗೆದ್ದದ್ದನ್ನು ವಾರಗಟ್ಟಲೆ ಆಡಿಕೊಳ್ಳುವ ಚಾಳಿಯೂ ಇತ್ತು.

ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ಬಂತು. ರುದ್ರಾಣಿ ಕುರ್ಚಿಯ ಮೇಲೆ ಕೂತಳು. ಕಾಫಿ ಬಂತು. "ಈಗ ತಾನೆ ಕುಡ್ಕೊಂಡು ಬಂದೆ" ಎಂದಳು. ಲೋಟ ಒಳಕ್ಕೆ ಹೋಯಿತು.

"ಕೆಳಗೆ ಬನ್ನಿ ಅಮ್ಮಣ್ಣಿ, ಕಾಯಿ ಇಡಿ" ಎಂದಳು ದೇವೀರಮ್ಮ.

"ನೀವು ಹೇಳ್ತಾ ಹೋಗಿ ಅಜ್ಜಿ. ನಾನು ಫೋನಲ್ಲಿ ರೆಕಾರ್ಡ್ ಮಾಡ್ಕೋತೀನಿ."

"ಆಟವ ಏಳಾದ್ ಎಂಗವ್ವ? ಆಡಾದು."

ಕೊನೆಗೆ ಕೋಮಲನೇ ಎದುರು ಕೂತಳು. ದೇವೀರಮ್ಮ ಕವಡೆ ಎಸೆಯುತ್ತ, ಕಾಯಿ ನಡೆಸುತ್ತ, ನಡುನಡುವೆ ಮೊಮ್ಮಗಳನ್ನು ಬಯ್ಯುತ್ತ ಹೇಳುತ್ತಾ ಹೋದಳು. "ಎದ್ರು ಕಾಯಿ ಸಿಕ್ರೆ ಒಡಿ, ಅದು ಮನೆಗೋಗಿ ಮೊದ್ಲಿಂದ ಬರ್ಬೇಕು. ಎಲ್ಡು ಕಾಯಿ ಒಂದೇ ಮನೇಲಿ ಕುಂತ್ರೆ ಗಟ್ಟಿ. ಗಟ್ಟಿಯ ಒಂಟಿ ಕಾಯಿ ದಾಟಂಗಿಲ್ಲ, ಮುಟ್ಟಂಗಿಲ್ಲ. ಏ ಕೋಮ್ಲಿ, ಕಾರ್ಖಾನೇಲಿ ಅಂಟಾಕಾ ಅಂಗೆ ಕಾಯಿಗೂ ಅಂಟಾಕ್ಬುಟ್ಟಿದ್ದೀಯಾ? ಎತ್ತು. ಊಂ, ಬಾರ ಬಿದ್ರೆ ಗಟ್ಟಿ ಒಡೀಬೇಕು. ಮನಸಿಲ್ದಿದ್ರೂ ಒಡೀಬೇಕು."

ನಾಲ್ಕು ಕವಡೆಯೂ ಬೋರಲು ಬಿದ್ದರೆ ಬಾರ, ಅದಕ್ಕೆ ಎಂಟು ಮನೆ. ರುದ್ರಾಣಿ ಕುರ್ಚಿಯ ಮೇಲೆ ಕೂತಿದ್ದಷ್ಟು ಹೊತ್ತೂ ಬಾರ ಬೀಳಲಿಲ್ಲ.

"ಕೊನೆ ಮನೇದು ಒಂದದೆ" ಎಂದಳು ದೇವೀರಮ್ಮ. "ಗಟ್ಟಿಯಾಗೇ ಅಲ್ಲಿಗಂಟ ಬಂದೋರಿಗೆ ಬ್ಯಾರೆ ಲೆಕ್ಕ. ಈಗ್ಲೇ ಏಳಿದ್ರೆ ತಲೇಲಿ ನಿಲ್ಲಾದಿಲ್ಲ. ನೀವು ಕುಂತು ಅಲ್ಲಿಗಂಟ ಆಡಿ, ತೋರುಸ್ತೀನಿ."

"ಇನ್ನೊಂದ್ಸಲ ಬರ್ತೀನಿ ಅಜ್ಜಿ. ಕಟಿಂಗ್ ಮೆಷಿನ್ನೋನು ಕಾಯ್ತಿದಾನೆ."

"ಬನ್ನಿ, ಬನ್ನಿ. ನಾನೆಲ್ಲೋದೆ."

ಕಟಿಂಗ್ ಮೆಷಿನ್ನವನು ಭಾನುವಾರ ಯಾರಿಗೂ ಕಾಯುವವನಲ್ಲ. ಅದು ನಂಜನಗೂಡಿಗೆಲ್ಲ ಗೊತ್ತು.

ರುದ್ರಾಣಿ ಪ್ರೆಸ್ಸಿನಲ್ಲಿ ಕೂತು ರೆಕಾರ್ಡ್ ಹಾಕಿಕೊಂಡು ನಿಯಮದ ಹಾಳೆ ಸಿದ್ಧಪಡಿಸಿದಳು. ದೇವೀರಮ್ಮ "ಏಳಾದು" ಎಂದಲ್ಲಿ "ಹೇಳುವುದು", "ಓಗು" ಎಂದಲ್ಲಿ "ಹೋಗು". "ಒಡಿ" ಎಂದಲ್ಲೆಲ್ಲ "ಹೊಡಿ". ಎಷ್ಟೋ ವರ್ಷಗಳ ಅಭ್ಯಾಸದ ಕೈ; ಕಳೆ ಕೀಳುವವಳ ಹಾಗೆ ಸಾಲಿನುದ್ದಕ್ಕೂ ನಡೆಯಿತು. "ಎದುರಾಳಿಯ ಕಾಯಿ ಸಿಕ್ಕರೆ ಹೊಡೆಯಬಹುದು." ಸರಿ. "ಬಾರ ಬಿದ್ದರೆ ಗಟ್ಟಿಯನ್ನು ಹೊಡೆಯಬೇಕು." ಇದೂ ಸರಿಯಾಗಿಯೇ ಕಂಡಿತು. ಒಂಟಿ ಕಾಯಿ ಮುಟ್ಟಲಾಗದ ಗಟ್ಟಿಯನ್ನು ಹೊಡೆಯಲು ಬಾರ ಎಂಬ ದೊಡ್ಡ ಗರವೇ ಬೇಕು, ನ್ಯಾಯವಾಗಿದೆ ಎಂದುಕೊಂಡಳು. ಕೊನೆಯ ಮನೆಯ ಜಾಗ ಖಾಲಿ ಉಳಿಯಿತು. ಅಲ್ಲಿ ಚೌಕಾಬಾರದ ಕೊನೆಯನ್ನೇ ತಂದು ಹಾಕಿದಳು: ಕಾಯಿಗಳೆಲ್ಲ ಮೊದಲು ಕೊನೆಯ ಮನೆ ಸೇರಿ ಹಣ್ಣಾದವರು ಗೆದ್ದಂತೆ.

ಕೇಳದೆ ಅಚ್ಚಿಗೆ ಕಳಿಸುವವಳಲ್ಲ ಅವಳು. ಕರಡನ್ನು ಕೋಮಲನ ಫೋನಿಗೆ ಕಳಿಸಿ, ಅಜ್ಜಿಗೆ ಓದಿ ಹೇಳಲು ಹೇಳಿದಳು. ಕೋಮಲ ಸ್ಪೀಕರ್ ಹಾಕಿ, ಶಾಲೆಯ ಮಗುವಿನ ಹಾಗೆ ರಾಗವಾಗಿ ಓದಿದಳು. ಇತ್ತ ಕಡೆಯಿಂದ ರುದ್ರಾಣಿ ಕೇಳಿಸಿಕೊಳ್ಳುತ್ತಿದ್ದಳು.

"ಬಾರ ಬಿದ್ದರೆ ಗಟ್ಟಿಯನ್ನು ಒಡೆಯಬೇಕು."

"ಸರಿಯಾಗೇ ಅದೆ" ಎಂದಳು ದೇವೀರಮ್ಮ. "ಬಾರ ಬಿದ್ರೆ ಒಡೀಬೇಕು. ಒಳ್ಳೇದಾಗಿ ಬರ್ದವ್ರೆ ಕಣವ್ವ ಅಮ್ಮಣ್ಣಿ. ಎಲ್ಲಿ, ಬರ್ಲೇ ಇಲ್ವಲ್ಲ ನೀವು ಕಾಯಿ ಇಡಾಕೆ?"

"ಬರ್ತೀನಿ ಅಜ್ಜಿ. ಡಬ್ಬ ಕೈಗೆ ಬಂದ ದಿವಸಾನೇ ಬರ್ತೀನಿ."

ಬರೆದದ್ದರಲ್ಲಿ ಹಕಾರವಿತ್ತು. ಓದಿದವಳ ನಾಲಿಗೆಯಲ್ಲಿ ಇರಲಿಲ್ಲ, ಕೇಳಿದವಳ ಕಿವಿಗೆ ಬೇಕಿರಲಿಲ್ಲ. ಆ ದಾರಿಯಲ್ಲಿ ತಪ್ಪು ಯಾರ ಕೈಗೂ ಸಿಗದೆ ದಾಟಿಹೋಯಿತು.

ಡಬ್ಬ ಚೆನ್ನಾಗಿ ಬಂತು. ಮೇಲೆ ದಪ್ಪ ಅಕ್ಷರದಲ್ಲಿ "ದೇವೀರಮ್ಮನ ಗಟ್ಟಿ ಆಟ". ರುದ್ರಾಣಿ ಹೋಗಲಿಲ್ಲ, ಕೋಮಲನ ಕೈಯಲ್ಲೇ ಕಳಿಸಿಕೊಟ್ಟಳು. ಓದು ಬಾರದ ದೇವೀರಮ್ಮ ಆ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿಯೆಲ್ಲ ತಿರುಗಿ, "ಇಲ್ಲಿ ನನ್ ಎಸ್ರು ಎಲ್ಲದೆ ತೋರ್ಸು ನೋಡವ" ಎಂದು ಶಾಲೆಗೆ ಹೋಗುವವರನ್ನೆಲ್ಲ ನಿಲ್ಲಿಸಿ ಪರೀಕ್ಷೆ ಮಾಡಿದಳಂತೆ. ಒಳಗಿನ ರಟ್ಟನ್ನು ಮಾತ್ರ ಹೊರಗೆ ತೆಗೆಯಲಿಲ್ಲ. ಜಗಲಿಯ ಕಲ್ಲು ಇರುವಾಗ ರಟ್ಟು ಯಾಕೆ?

ಮೊದಲ ದೂರು ಪವಿತ್ರಾ ಮೇಡಂ ಅವರದು. ಅವರು ನರಸೀಪುರದ ಕಡೆ ಒಂದು ಶಾಲೆಯಲ್ಲಿ ಟೀಚರು. "ಮೇಡಂ, ನಮ್ಮ ಮಕ್ಕಳು ಮಧ್ಯಾಹ್ನ ಊಟ ಆದ್ಮೇಲೆ ಶುರು ಮಾಡಿದ್ದು, ಮನೆಗೆ ಬಿಡೋ ಬೆಲ್ ಆದರೂ ಮುಗೀಲಿಲ್ಲ. ಮಾರನೇ ದಿನಾನೂ ಆಡಿದರು. ಇದು ಮುಗಿಯೋದು ಹೇಗೆ?"

"ನಿಯಮ ಸರಿಯಾಗಿ ಓದ್ಕೊಳಿ ಮೇಡಂ" ಎಂದಳು ರುದ್ರಾಣಿ. "ದೇವೀರಮ್ಮನವರೇ ಕೇಳಿ ಒಪ್ಪಿರೋದು."

ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಕೊನೆಗೆ ಪ್ರೆಸ್ಸಿನಲ್ಲೇ ನಂಜುಂಡೇಶನನ್ನು ಕೂರಿಸಿಕೊಂಡು ಆಡಿದಳು. ಆಟ ಮಾರಲು ಶುರುಮಾಡಿದ ಮೇಲೆ ಒಂದು ಆಟವನ್ನು ಕೊನೆತನಕ ಆಡಲು ಕೂತದ್ದು ಅದೇ ಮೊದಲು. ಇಬ್ಬರೂ ಗಟ್ಟಿ ಕಟ್ಟಿದರು. ದಾರಿ ಕಟ್ಟಿಹೋಯಿತು. ಬಾರ ಬಿದ್ದಾಗ ಅವಳು ಅವನ ಗಟ್ಟಿ ಹೊಡೆದಳು, ಅವನ ಎರಡೂ ಕಾಯಿ ಮನೆಗೆ ಹೋದವು. ಮುಂದಿನ ಬಾರಕ್ಕೆ ಅವನು ಇವಳದನ್ನು ಹೊಡೆದ. ಮತ್ತೆ ಕಟ್ಟಿದರು, ಮತ್ತೆ ಹೊಡೆದರು.

"ಅಕ್ಕಾ, ಇದು ಆಟ ಅಲ್ಲ, ಸರ್ಕಾರಿ ಫೈಲು" ಎಂದ ನಂಜುಂಡೇಶ. "ಎಷ್ಟು ಮುಂದಕ್ಕೆ ಹೋದರೂ ಮೊದಲನೇ ಟೇಬಲ್ಲಿಗೇ ವಾಪಸ್ ಬರುತ್ತೆ."

ಅವಳು ನಗಲಿಲ್ಲ. ಎಲ್ಲೋ ತಪ್ಪಿದೆ ಎಂದು ಗೊತ್ತಾಯಿತು, ಎಲ್ಲಿ ಎಂದು ಗೊತ್ತಾಗಲಿಲ್ಲ. ದೇವೀರಮ್ಮನ ಎದುರು ಕೂತು ಒಂದು ಆಟ ಪೂರ್ತಿ ಆಡಿದರೆ ತಿಳಿಯುತ್ತಿತ್ತು. ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ, ಅಷ್ಟೆ. ಆದರೆ ಹೋಗಿ ಏನೆಂದು ಹೇಳುವುದು? ನಿಮ್ಮ ಹೆಸರಿನ ಆಟವನ್ನು ನೋಡಿ ಜನ ನಗುತ್ತಿದ್ದಾರೆ ಎಂದೇ? ಆ ವಾರ ಮುಹೂರ್ತಗಳಿದ್ದವು, ಪತ್ರಿಕೆ ಕೆಲಸ ಬಂತು. ಮುಂದಿನ ವಾರ ಮೆಷಿನ್ ಕೆಟ್ಟಿತು. ಕೋಮಲ ಸಿಕ್ಕಾಗಲೆಲ್ಲ, "ಅಜ್ಜಿ ಕೇಳ್ತಾವ್ಳೆ ಕಣಕ್ಕ, ಆ ಅಮ್ಮಣ್ಣಿ ಸೋಲಾಕೆ ಎದ್ರುಕತಾಳಾ ಅಂತ" ಎನ್ನುವಳು. ರುದ್ರಾಣಿ ನಕ್ಕು, "ಈ ಭಾನುವಾರ ಗ್ಯಾರಂಟಿ" ಎನ್ನುವಳು.

ಹಾಗೆ ಹೇಳಿದ್ದ ಒಂದು ಭಾನುವಾರ ಕಳೆದ ಮೇಲೆ ಅವಳು ತಾಂಡ್ಯಕ್ಕೆ ಹೋದಾಗ ಕೋಮಲನ ಜಾಗದಲ್ಲಿ ಬೇರೆ ಯಾರೋ ಅಂಟು ಹಾಕುತ್ತಿದ್ದರು. "ಅವರಜ್ಜಿ ಹೋಗ್ಬಿಟ್ರಂತೆ ಮೇಡಂ. ಬೆಳಗ್ಗೆ ಎದ್ದು ಎಲೆಅಡಿಕೆ ಹಾಕ್ಕೊಂಡು ಕೂತಿದ್ದೋರು, ಹಂಗೇ" ಎಂದ ಸೂಪರ್ವೈಸರ್.

ತಿಥಿ ಕಳೆದ ಮೇಲೆ ರುದ್ರಾಣಿ ಹಳ್ಳಿಗೆ ಹೋದಳು. ಬಾಳೆಹಣ್ಣು ಒಯ್ದಿದ್ದಳು, ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು. ಕೋಮಲ ಕುರ್ಚಿ ತಂದು ಹಾಕಿದಳು. ರುದ್ರಾಣಿ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಜಗಲಿಯ ಮೇಲೆ, ಚೌಕದ ಈಚೆ ಬದಿಗೆ ಕೂತಳು.

"ಕಾಫಿ ಕೊಡ್ತೀಯಾ ಕೋಮಲಾ?"

ಕೋಮಲ ಒಳಗೆ ಹೋಗಿ ಪಾತ್ರೆ ನೋಡಿ ಬಂದಳು. "ಆಲಿಲ್ಲ. ಬರೀ ಟೀ ಆದ್ರೆ ಕೊಡ್ತೀನಿ."

ಹಾಲಿಲ್ಲದ ಟೀ ಕುಡಿದು ರುದ್ರಾಣಿ ಕೇಳಿದಳು: "ನಿಮ್ಮಜ್ಜಿ ಗಟ್ಟಿಗೆ ಏನು ಮಾಡ್ತಿದ್ರು, ತೋರಿಸ್ತೀಯಾ?"

ಕೋಮಲ ಹುಣಸೆಬೀಜ, ಬಳೆಚೂರುಗಳನ್ನು ತಂದು ಕಲ್ಲಿನ ಮೇಲೆ ಹೂಡಿದಳು. ತನ್ನ ಗಟ್ಟಿ, ಎದುರಿಗೆ ರುದ್ರಾಣಿಯ ಗಟ್ಟಿ. ಕವಡೆಗಳನ್ನು ಕೈಯಿಂದಲೇ ಬೋರಲು ಇಟ್ಟಳು. "ನಂಗೆ ಬಾರ ಬಿತ್ತು ಅನ್ಕಳಿ." ಅವಳ ಬೆರಳು ರುದ್ರಾಣಿಯ ಕಾಯಿಗಳ ಹತ್ತಿರವೂ ಹೋಗಲಿಲ್ಲ. ತನ್ನದೇ ಗಟ್ಟಿಯ ಒಂದು ಬೀಜವನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ಎಂಟು ಮನೆ ಮುಂದಕ್ಕೆ ನಡೆಸಿದಳು. ಕಟ್ಟಿದ ದಾರಿ ಬಿಟ್ಟುಕೊಂಡಿತು.

"ನಿಂದೇ ಗಟ್ಟೀನ ನೀನೇ ಒಡೆಯೋದಾ?"

"ಊಂ, ಒಡಿಯಾದು. ಇಲ್ದಿದ್ರೆ ಆಟ ಮುಗಿಯಾದ್ ಎಂಗೆ?"

"ನನ್ನ ಗಟ್ಟೀನ ಹೊಡೆಯೋದಲ್ಲ?"

"ಅಯ್ಯೋ, ಒಡಿಯಾದ್ ಬ್ಯಾರೆ, ಒಡಿಯಾದ್ ಬ್ಯಾರೆ ಕಣಕ್ಕ" ಎಂದಳು ಕೋಮಲ.

ಎರಡು ಸಲವೂ ಒಂದೇ ಸದ್ದು. ತಾನು ಹೇಳಿದ್ದು ತನ್ನ ಕಿವಿಗೇ ಬಿದ್ದು ಕೋಮಲನಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡಳು. ರುದ್ರಾಣಿ ಚೀಲದಿಂದ ನಿಯಮದ ಹಾಳೆ ತೆಗೆದು, ತಾನು ಹಾಕಿದ ಹಕಾರದ ಮೇಲೆ ಬೆರಳಿಟ್ಟು ತೋರಿಸಿದಳು. ಕೋಮಲ ಅದನ್ನು ಈಗ ಮನಸ್ಸಿನಲ್ಲೇ, ನಿಧಾನವಾಗಿ ಓದಿಕೊಂಡಳು.

"ನಾನೇ ಅಲ್ವಾ ಅವತ್ತು ಓದಿದ್ದು" ಎಂದಳು.

"ಬರೆದೋಳು ನಾನು."

"ಅಜ್ಜಿಗ್ ಗೊತ್ತಾಗ್ನಿಲ್ಲ ಬುಡಿ. ಸರಿಯಾಗೇ ಅದೆ ಅನ್ಕಂಡೇ ಒಂಟೋದ್ಲು."

ರುದ್ರಾಣಿ ಬಳೆಚೂರೊಂದನ್ನು ಕೊನೆಯ ಮನೆಯಲ್ಲಿ ಇಟ್ಟಳು. "ಕೊನೆ ಮನೇದು ಏನೋ ಇದೆ ಅಂದಿದ್ರು. ಗಟ್ಟಿಯಾಗೇ ಅಲ್ಲೀ ತನಕ ಬಂದೋರಿಗೆ."

"ಅಂಗೆ ಬತ್ತಿದ್ದೋಳು ಅಜ್ಜಿ ಒಬ್ಳೇಯ" ಎಂದಳು ಕೋಮಲ. "ಅವ್ಳಿಗೆ ಬಾರ ಬೀಳ್ತಾನೇ ಇರ್ನಿಲ್ಲ, ಬ್ಯಾಡ ಅಂದ್ರೆ. ಕೊನೆ ಮನೆಗ್ ಬಂದ್ಮೇಲೆ ಏನೋ ಗುಣಗುಣ ಅಂತ ಎಣ್ಸಿ, ಕಾಯೆಲ್ಲ ಬಾಚ್ಕಂಡು, ಗೆದ್ದೆ ಏಳ್ರೀ ಅನ್ನೋಳು. ನಾವು ಮೋಸ ಮೋಸ ಅಂತ ಕೂಗಾಡಿ ಎದ್ದೋಗ್ತಿದ್ದೊ. ಏನ್ ಎಣಿಸ್ದೆ ಅಂತ ಯಾರೂ ಕೇಳ್ನಿಲ್ಲ. ಕೇಳ್ಬೇಕು ಅಂತಿದ್ದೋರು ನೀವೊಬ್ರು, ಬರ್ಲಿಲ್ಲ."

ಕೋಮಲ ಇದನ್ನು ಚುಚ್ಚಲೆಂದು ಹೇಳಲಿಲ್ಲ. ಹುಣಸೆಬೀಜಗಳನ್ನು ಡಬ್ಬಿಗೆ ತುಂಬುತ್ತ ಹೇಳಿದಳು.

ಆಮೇಲೆ ಎಷ್ಟೋ ಭಾನುವಾರ ರುದ್ರಾಣಿ ಆ ಕಡೆಯ ಹಳ್ಳಿಗಳನ್ನು ಸುತ್ತಿದಳು. ವಯಸ್ಸಾದ ಹೆಂಗಸರು ಕಂಡಲ್ಲೆಲ್ಲ ಕೆಳಗೆ ಕೂತು ಕೇಳಿದಳು. ಒಬ್ಬರು ಕೊನೆ ಮನೆಯಲ್ಲಿ ಗಟ್ಟಿಗೆ ಎರಡು ಹಣ್ಣು ಎಂದರು, ಇನ್ನೊಬ್ಬರು ಅಂಥದ್ದೇನೂ ಇಲ್ಲವೆಂದರು, ಗುರುಸಿದ್ದಮ್ಮ ಎಂಬುವರು ತಮಗೆ ತೋಚಿದ್ದನ್ನು ಅಲ್ಲೇ ಹೊಸದಾಗಿ ಕಟ್ಟಿ ಹೇಳಿದರು. ದೇವೀರಮ್ಮ ಎಣಿಸುತ್ತಿದ್ದದ್ದು ಯಾರಲ್ಲೂ ಸಿಗಲಿಲ್ಲ.

ಉಳಿದ ಡಬ್ಬಗಳಿಗೆಲ್ಲ ಅವಳು ಹೊಸ ಹಾಳೆ ಹಾಕಿದಳು. ಒಂದು ತಪ್ಪೂ ಹೊರಗೆ ಬಿಡದ ಪ್ರೆಸ್ಸು ಮೊದಲ ಸಲ ತಪ್ಪೊಪ್ಪಿಗೆ ಅಚ್ಚು ಹಾಕಿತು. "ಬಾರ ಬಿದ್ದರೆ ನಿಮ್ಮ ಗಟ್ಟಿಯನ್ನು ನೀವೇ ಒಡೆಯಬೇಕು. ಹಿಂದಿನ ಹಾಳೆಯಲ್ಲಿ ಹೊಡೆಯಬೇಕು ಎಂದಿರುವುದು ತಪ್ಪು. ಗಟ್ಟಿಯಾಗಿಯೇ ಕೊನೆಯ ಮನೆ ತಲುಪಿದವರಿಗೆ ದೇವೀರಮ್ಮನವರದು ಬೇರೆ ನಿಯಮವಿತ್ತು. ಅದು ನಮಗೆ ಗೊತ್ತಿಲ್ಲ. ಹೇಳುತ್ತೇನೆ ಬನ್ನಿ ಎಂದು ಅವರು ಕರೆದಿದ್ದರು, ನಾವು ಹೋಗಲಿಲ್ಲ."

ಮೈಸೂರಿನ ಅಂಗಡಿಯವನು ಸರಕು ವಾಪಸು ಕಳಿಸಿದ. "ಗೊತ್ತಿಲ್ಲ ಅಂತ ನೀವೇ ಬರೆದ್ರೆ ಕೊಳ್ಳೋರು ಯಾರು ಮೇಡಂ? ಆ ಕೊನೆ ಸಾಲು ತೆಗೀರಿ, ಮಾರ್ಕೊಡ್ತೀನಿ." ಅವಳು ತೆಗೆಯಲಿಲ್ಲ. ನಾನೂ ಅದೇ ಬುದ್ಧಿ ಹೇಳಿದೆ, ವ್ಯಾಪಾರದ ಮಾತಾಗಿ. ಅವಳು ಕವಡೆ ಎಸೆದು ನೋಡುವುದನ್ನು ನಿಲ್ಲಿಸಿ, "ಅಷ್ಟನ್ನಾದರೂ ಸರಿಯಾಗಿ ಹಾಕಿದೀನಲ್ಲ ಸ್ವಾಮಿ, ಇರಲಿ" ಎಂದಳು. ಹೊಸ ಆಟಗಳ ತಂಟೆಗೆ ಈಗ ಹೋಗುವುದಿಲ್ಲ. ಚೌಕಾಬಾರ ಮಾತ್ರ ಅಚ್ಚು ಹಾಕುತ್ತಾಳೆ. ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ಗಟ್ಟಿ ಆಟದ ಒಂದು ಡಬ್ಬವನ್ನು ನಾನು ಮನೆಗೆ ಒಯ್ದೆ. ಕೊನೆಯ ಸಾಲು ಓದಿದ ಮೇಲೆ ನನ್ನ ತಾಯಿ ಚನ್ನಾಜಮ್ಮನ ಎದುರು ನೆಲದ ಮೇಲೆ ಕೂತೆ. ಮಂಡಿ ನೋವೆಂದು ಎದ್ದುಹೋಗದೆ ಮುಗಿಯುವ ತನಕ ಆಡಿದೆ. ಅಮ್ಮ ಕೊನೆಯಲ್ಲಿ ನನಗೆ ತಿಳಿಯದ ಏನೋ ಒಂದು ಮಾಡಿ ಗೆದ್ದಳು. ಅದೇನೆಂದು ಕೇಳಿದೆ. ಹೇಳಿದಳು. ಅಮ್ಮ ಬದುಕಿರುವಾಗಲೇ ನಾನು ಕೇಳಿದ್ದು ರುದ್ರಾಣಿಯ ದೆಸೆಯಿಂದ. ಅಷ್ಟು ನಾನು ಅವಳಿಗೆ ಬಾಕಿ.